ದೊರಲೀಸಿ ಕೇಳಿದ ಪ್ರಶ್ನೆ

ದೊರಲೀಸಿ ಮ್ಯೂಸಿಯಮ್ಮಿಗೆ ನೆಲ ಒರೆಸಲು ಬಂದವಳು. ಅವಳ ಕೈ ನಾಜೂಕೆಂದು ಅಲ್ಲಿನ ವಿಜ್ಞಾನಿ ಇವೆಟಿ ಮೇಡಂ, ನಾನು ಕೆಲಸ ಮಾಡುವ ಪಳೆಯುಳಿಕೆ ಕೋಣೆಗೆ ಹಾಕಿಸಿಕೊಂಡರು. ನಮ್ಮ ಸಾಂತಾನಾ ಊರಿನ ಹೊಲಗಳಲ್ಲಿ ಸಿಗುವ, ಕೋಟ್ಯಂತರ ವರ್ಷ ಹಳೆಯ ಮೀನು ಒಳಗೆ ಕಲ್ಲಾಗಿ ಕೂತಿರುವ ಸುಣ್ಣಗಲ್ಲಿನ ಉಂಡೆಗಳನ್ನು ತೆಳು ಆಮ್ಲದಲ್ಲಿ ವಾರಗಟ್ಟಲೆ ನೆನೆಹಾಕಿದರೆ ಸುಣ್ಣ ಕರಗಿ ಒಳಗಿನ ಮೀನು ಉಳಿಯುತ್ತದೆ. ಹತ್ತು ವರ್ಷ ನಾನೂ ದೊರಲೀಸಿಯೂ ಒಂದೇ ಮೇಜಿನಲ್ಲಿ ಆ ಕೆಲಸ ಮಾಡಿದೆವು.

ಅವಳು ಮೀನು ತಿನ್ನುತ್ತಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು. ಮದುವೆಯಾದ ಎಂಟನೇ ತಿಂಗಳಿಗೆ ಗಂಡ ಲಿಯೊನ್ಸಿಯೊ ಕೆರೆಯಲ್ಲಿ ಬಲೆ ಬೀಸಲು ಹೋಗಿ ಮುಳುಗಿದ್ದ. ಹೆಣ ಸಿಕ್ಕಿದ್ದು ಮೂರನೇ ದಿನ. ಮೈದುನ ಅನಿಸೆಟು ಪೆಟ್ಟಿಗೆಗೆ ಮೊಳೆ ಹೊಡೆದೇ ಮನೆಗೆ ತಂದ. ಎಷ್ಟು ಗೋಗರೆದರೂ ತೆರೆಯಲಿಲ್ಲ. ಅಂದಿನಿಂದ ಅವನೊಂದಿಗೆ ಮಾತು ಬಿಟ್ಟಳು.

ಒಂದು ಮಧ್ಯಾಹ್ನ ತೊಟ್ಟಿಯಿಂದ ತೆಗೆದ ಮೀನಿನಲ್ಲಿ ಕಿವಿರಿನ ಎಳೆಗಳು, ಬೆನ್ನಿನ ಮಾಂಸದ ನಾರು ಎಲ್ಲ ಹಾಗೇ ಇದ್ದವು.

"ಮೂಳೆ ಉಳಿಯೋದು ಸರಿ. ಮಾಂಸ ಹೆಂಗೆ ಉಳೀತು ಮೇಡಂ?" ಎಂದಳು ದೊರಲೀಸಿ.

"ಆಗ ಇಲ್ಲಿದ್ದ ಹಿನ್ನೀರಿನ ತಳದಲ್ಲಿ ಆಮ್ಲಜನಕ ಇರ್ಲಿಲ್ಲ, ತಿನ್ನೋಕೆ ಯಾವ ಪ್ರಾಣೀನೂ ಬರ್ಲಿಲ್ಲ. ಕೊಳೆಸೋ ಸೂಕ್ಷ್ಮಜೀವಿಗಳೇ ಮೈಯೊಳಗಿನ ರಂಜಕ ಬಿಡಿಸಿದ್ವು. ಅದು ನಾರುನಾರಿಗೂ ಇಳಿದು ಕಲ್ಲಾಯ್ತು. ಆದ್ರೆ ಬೇಗ ಆಗ್ಬೇಕು, ಕೆಲವೇ ಗಂಟೇಲಿ."

"ಮೂರು ದಿನ ಆದ್ರೆ? ಬೆಚ್ಚಗಿನ ಕೆರೆ ನೀರಲ್ಲಿ?"

ಮೇಡಂ ಹೊರಗಿನವರು, ಅವರಿಗೇನು ಗೊತ್ತು. "ಏನುಳಿಯತ್ತೆ? ಕಣ್ಣು, ತುಟಿ ಮೊದ್ಲು ಹೋಗ್ತವೆ," ಎಂದುಬಿಟ್ಟರು. ನಾನು ಅವರ ಕಾಲು ತುಳಿದೆ, ತಡವಾಗಿತ್ತು.

ಸಂಜೆ ದೊರಲೀಸಿ ನನ್ನನ್ನು ಕರೆದುಕೊಂಡು ನೇರ ಅನಿಸೆಟುವಿನ ಮನೆಗೆ ಹೋದಳು. ನಲವತ್ತು ವರ್ಷಗಳ ಮೇಲೆ. ಅವನು ಜಗಲಿಯಲ್ಲಿ ಅಲಸಂದೆ ಸುಲಿಯುತ್ತಿದ್ದ.

"ಏನತ್ಗೆ, ದಾರಿ ತಪ್ತಾ?"

"ಪೆಟ್ಟಿಗೇಲಿ ಏನಿತ್ತು ಹೇಳು."

ಅವನು ಬುಟ್ಟಿ ಬದಿಗಿಟ್ಟ. "ಮುಖ ಇರ್ಲಿಲ್ಲ ಅತ್ಗೆ. ಮೀನು ತಿಂದಿದ್ವು. ನೀನು ಹೊಲಿದ ಅಂಗಿ ನೋಡಿ ಗುರ್ತು ಹಿಡಿದೆ. ನಾನೊಬ್ಬ ನೋಡಿದ್ದು ಸಾಕು ಅನ್ನಿಸ್ತು."

"ಇಷ್ಟು ವರ್ಷ ಒಬ್ಬನೇ ಹೊತ್ಕೊಂಡಿದ್ಯಾ?"

"ನಿನ್ನ ಶಾಪಾನೂ ಸೇರಿಸ್ಕೊಂಡು," ಎಂದು ನಗಲು ಹೋದ. ಆಗಲಿಲ್ಲ.

ದೊರಲೀಸಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನು ಏನು ಮಾಡಬೇಕೆಂದು ತೋಚದೆ ಒಳಗೆ ಹೋಗಿ ಕಾಫಿ ಕಾಸಿ ತಂದ. ಬೆಲ್ಲ ಜಾಸ್ತಿಯಾಗಿತ್ತು. ಪೂರ್ತಿ ಕುಡಿದಳು.

ಆಮೇಲೆ ಪ್ರತಿ ಭಾನುವಾರ ಅವನ ಮನೆಗೆ ಹೋಗತೊಡಗಿದಳು. ಲಿಯೊನ್ಸಿಯೊ ಚಿಕ್ಕವನಿದ್ದಾಗಿನ ಕಿತಾಪತಿಗಳನ್ನು ಅವನು ಹೇಳುತ್ತಿದ್ದನಂತೆ, ಸೋಮವಾರ ನನಗೆ ಬಂದು ಹೇಳುವಳು. ಹೀಗೆ ಸಿಕ್ಕಿದ್ದು ಆರೇ ಭಾನುವಾರ. ಏಳನೆಯದು ಬರುವ ಮೊದಲೇ ಅನಿಸೆಟುವಿನ ಎದೆಬಡಿತ ನಿಂತುಹೋಯಿತು.