ಲಾರಿಯ ಬೆನ್ನೇರಿದ ನೀರುಕಾಗೆ

ಮೊನ್ನೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಮ್ಮ ಆಟೋ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಇಂಥ ಹೊತ್ತಿನಲ್ಲಿ ಎದುರಿಗಿರುವ ಲಾರಿಯ ಬೆನ್ನು ಓದುವುದು ನನ್ನ ಹಳೆಯ ಚಟ. ಆದರೆ ಆ ಲಾರಿಯ ಬೆನ್ನಿನ ಮೇಲೆ ಓದಲು ಏನೂ ಇರಲಿಲ್ಲ. ಬೂದುಬಣ್ಣದ ತಗಡು, ಮಿಂಚುವ ಕೆಂಪು ಪಟ್ಟಿ, ಒಂದು ನಂಬರು. ಕಮಲವಿಲ್ಲ, ನವಿಲಿಲ್ಲ, ಕರುವಿಗೆ ಹಾಲೂಡಿಸುತ್ತ ನಿಂತ ಹಸುವೂ ಇಲ್ಲ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂರಿಸಿ ಬರೀ ನೀರು ಬಡಿಸಿ ಹೋದಂತಾಯಿತು ನನಗೆ. ಆಟೋದವನು ಹಾರ್ನ್ ಬಾರಿಸುತ್ತಲೇ ಇದ್ದ. ನಾನಾಗಲೇ ನಲವತ್ತು ವರ್ಷ ಹಿಂದಕ್ಕೆ ಹೋಗಿ, ನಂಜಪ್ಪನವರ ಲಾರಿಯ ಹಿಂದೆ ನಿಂತಿದ್ದೆ.

ನಂಜಪ್ಪನವರು ಯಾರೆಂದು ಹೇಳಬೇಕಲ್ಲವೆ? ಆರ್.ಟಿ. ನಗರದಲ್ಲಿ ನಮ್ಮ ಮನೆಯ ಮಾಲೀಕರು. ಹೆಬ್ಬಾಳದ ಹಳೇ ಊರಿನ ಕುಟುಂಬ. ದ್ರಾಕ್ಷಿ ತೋಟ ಮಾರಿ ಒಂದು ಮನೆ ಕಟ್ಟಿಸಿದ್ದರು, ಒಂದು ಲಾರಿ ಕೊಂಡಿದ್ದರು. ಮನೆಯ ಮುಂಭಾಗದಲ್ಲಿ ಅವರು ಮತ್ತು ಅವರ ಹೆಂಡತಿ ಜಯಮ್ಮ, ಹಿಂಭಾಗದಲ್ಲಿ ನಾವಿಬ್ಬರು. ನಮ್ಮವರು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಳೆ ಹರಿದು ಹೊಸದಾಗಿ ಶುರುಮಾಡುವ ಮನುಷ್ಯ. ನಾನು ಬಾಗಲಕೋಟೆಯ ಕಡೆಯಿಂದ ಮದುವೆಯಾಗಿ ಆಗತಾನೆ ಬಂದವಳು. ಸುತ್ತ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಸೈಟುಗಳಿಗಿಂತ ಅವುಗಳಲ್ಲಿ ಮೇಯುವ ಎಮ್ಮೆಗಳು ಹೆಚ್ಚು.

ನಮ್ಮವರಿಗೆ ಹಕ್ಕಿಯ ಹುಚ್ಚಿದೆಯೆಂದು ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ. ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅವರೂ ಇಲ್ಲ, ಸೈಕಲ್ಲೂ ಇಲ್ಲ. ನಂಜಪ್ಪನವರನ್ನು ಕೇಳಿದೆ. "ಕೆರೆ ತಾವ ಅಕ್ಕಿ ನೋಡ್ತಾ ನಿಂತವ್ರೆ ಕಣವ್ವ" ಎಂದರು. ಆ ಕಡೆಯ ಜನರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೆರೆಯ ದಂಡೆಯಲ್ಲಿ ಒಳ್ಳೆಯ ಅಕ್ಕಿ ಅಗ್ಗಕ್ಕೆ ಸಿಗುತ್ತದೆಂದು ತಿಳಿದು, ಡಬ್ಬಿಯನ್ನು ತೊಳೆದು ಬಿಸಿಲಿಗೆ ಒಣಗಿಸಿ ಕಾದೆ. ಮಧ್ಯಾಹ್ನದ ಹೊತ್ತಿಗೆ ನಮ್ಮವರು ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು ಅಂಟಿಸಿಕೊಂಡು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ಬರಿಗೈಲಿ ಬಂದರು. ಅಕ್ಕಿ ಎಲ್ಲಿ ಎಂದು ನಾನು, ಯಾವ ಅಕ್ಕಿ ಎಂದು ಅವರು. ಜಯಮ್ಮ ಈ ಕಥೆಯನ್ನು ಬೀದಿಗೆಲ್ಲ ಹಂಚಿದರು.

ಆಮೇಲೆ ನನ್ನನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗತೊಡಗಿದರು. ಹೆಬ್ಬಾಳದ ಕೆರೆ, ಯಲಹಂಕದ ಕೆರೆ, ಕಾಲಲ್ಲಿ ಕಸುವಿದ್ದ ದಿನ ಹೆಸರಘಟ್ಟದವರೆಗೆ. ನಿಜ ಹೇಳುತ್ತೇನೆ, ನನಗೆ ಒಂದು ಹಕ್ಕಿಯೂ ಕಾಣುತ್ತಿರಲಿಲ್ಲ. ದುರ್ಬೀನಿಗೆ ಕಣ್ಣಿಟ್ಟರೆ ನನ್ನದೇ ರೆಪ್ಪೆಗೂದಲು ತೆಂಗಿನ ಗರಿಯಷ್ಟು ದೊಡ್ಡದಾಗಿ ಕಾಣುವುದು. ಅವರು ಪಕ್ಕದಲ್ಲಿ ಪಿಸುದನಿಯಲ್ಲಿ ಒಣಟೊಂಗೆಯ ಎಡಕ್ಕೆ, ಅದರ ಕೆಳಕ್ಕೆ ಎಂದು ದಾರಿ ತೋರಿಸುವರು. ನಾನು ಕಂಡಿತು ಕಂಡಿತು ಎನ್ನುವೆ. ಬಣ್ಣ ಯಾವುದೆಂದು ಅವರು ಕೇಳಿದಾಗ ಕಂದು ಎನ್ನುವೆ. ಹೆಚ್ಚಿನ ಹಕ್ಕಿಗಳು ಕಂದೇ ಇರುತ್ತವೆ.

ಹೀಗೆ ಕೆರೆಗಳನ್ನು ಸುತ್ತುವಾಗ ಹೊತ್ತು ಕಳೆಯಲು ನಾನು ಗೋಡೆ ನೋಡುವುದನ್ನು ಕಲಿತೆ. ಕೆರೆಯಂಚಿನ ಹಳ್ಳಿಗಳಲ್ಲಿ ಗೋಡೆಗಳಿಗೇನು ಬರ! ಹಲ್ಲುಪುಡಿಯ ಜಾಹೀರಾತಿನಲ್ಲಿ ನಗುವ ಹೆಂಗಸು. ಕುಟುಂಬ ಯೋಜನೆಯ ಗೋಡೆಯ ಮೇಲೆ ಎರಡೇ ಮಕ್ಕಳನ್ನು ಹಿಡಿದು ನಗುವ ಅಪ್ಪ. ಗರಡಿಮನೆಯ ಗೋಡೆಯ ಮೇಲೆ ಪೈಲ್ವಾನನ ಪಕ್ಕ ಒಂದು ಹುಲಿ, ಆ ಪೈಲ್ವಾನನನ್ನು ಕಂಡು ಅದೇ ಹೆದರಿದಂತಿರುವುದು. ಎಲ್ಲಕ್ಕಿಂತ ಮೇಲು ಗೊರಗುಂಟೆಪಾಳ್ಯದ ಶೆಡ್ಡುಗಳು. ಅಲ್ಲಿ ಸಾಲಾಗಿ ನಿಂತ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದರು. ಸೂರ್ಯ ಮುಳುಗುವ ಬೆಟ್ಟ, ಗಿಣಿ, ಹಂಸ, ಬಣ್ಣಬಣ್ಣದ ಬಳ್ಳಿ. ನನಗೆ ಎಷ್ಟು ನೋಡಿದರೂ ಸಾಲದು. ಕೊನೆಗೆ ನಮ್ಮಿಬ್ಬರಲ್ಲಿ ಒಪ್ಪಂದವಾಯಿತು: ಭಾನುವಾರ ಬೆಳಿಗ್ಗೆ ಅವರ ಹಕ್ಕಿ, ಮಧ್ಯಾಹ್ನದ ಮೇಲೆ ನನ್ನ ಚಿತ್ರ.

ಹೀಗೊಂದು ಬೇಸಗೆಯ ಮಧ್ಯಾಹ್ನ ಗೊರಗುಂಟೆಪಾಳ್ಯದ ಶೆಡ್ಡಿಗೆ ಹೋದರೆ ಅಲ್ಲಿ ನಂಜಪ್ಪನವರ ಲಾರಿಯೇ ನಿಂತಿತ್ತು. ಹಳೆಯ ಬಣ್ಣ ಕೆರೆದು ಹೊಸದು ಬಳಿಸುತ್ತಿದ್ದರು. ಬೆನ್ನಿನ ಮೇಲೆ ಎರಡು ಹಂಸ ಬರಬೇಕೆಂದು ಪೇಂಟರ್ ಮಣಿಗೆ ಹೇಳುತ್ತಿದ್ದರು. ಮಣಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದ, ಕತ್ತು ಕತ್ತು ಹೆಣೆದುಕೊಂಡ ಮುದ್ದಾದ ಹಂಸಗಳು. ನಮ್ಮವರು ಸುಮ್ಮನಿರಬಹುದಿತ್ತು. ಹತ್ತಿರ ಹೋಗಿ, ಬಗ್ಗಿ ನೋಡಿ, "ಇಂಥಾ ಹಕ್ಕಿ ಜಗತ್ತಿನ್ಯಾಗ ಎಲ್ಲೂ ಇಲ್ರಿ" ಎಂದರು.

ನಂಜಪ್ಪನವರಿಗೆ ಓದಿದವರೆಂದರೆ ಗೌರವ. ಹಾಗಾದರೆ ನಿಜವಾದದ್ದನ್ನು ತೋರಿಸಿ ಎಂದರು. ಮರುದಿನ ಬೆಳಿಗ್ಗೆ ನಮ್ಮವರು ಅವರನ್ನು ಹೆಬ್ಬಾಳದ ಕೆರೆಗೆ ಕರೆದೊಯ್ದರು. ನಾನೂ ಹೋಗಿದ್ದೆ. ಹುಟ್ಟಿದಾಗಿನಿಂದ ಆ ಕೆರೆಯಲ್ಲಿ ಎಮ್ಮೆ ತೊಳೆದ ಮನುಷ್ಯ ದುರ್ಬೀನಿನಲ್ಲಿ ಕಣ್ಣಿಟ್ಟವರು ತೆಗೆಯಲೇ ಇಲ್ಲ. ನೀರು ಇಳಿದು ಮೇಲೆದ್ದ ಒಂದು ಮೋಟುಮರದ ಮೇಲೆ ಕರಿಯ ಹಕ್ಕಿಯೊಂದು ರೆಕ್ಕೆ ಎರಡನ್ನೂ ಅಗಲಿಸಿ ಬಿಸಿಲು ಕಾಯಿಸುತ್ತಿತ್ತು. ಅಷ್ಟು ದೊಡ್ಡದಾದ್ದರಿಂದ ನನಗೂ ಕಂಡಿತು. ನಂಜಪ್ಪನವರು ಮೈಮರೆತರು. "ಬನ್ನಿ ಬನ್ನಿ ಅಂತ ಕೈ ಚಾಚ್ಕೊಂಡ್ ನಿಂತೈತೆ ಸಾರ್. ಇದೇ ಇರ್ಲಿ ನಮ್ ಲಾರಿಗೆ" ಎಂದರು. ಅದರ ಹೆಸರೇನೆಂದು ಕೇಳಲಿಲ್ಲ. ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹಂಸಗಳನ್ನು ಒರೆಸಿ ಹಾಕಿದರು. ನಮ್ಮವರು ಸಂಜೆ ಸಂಜೆ ಕಾರ್ಖಾನೆಯಿಂದ ನೇರವಾಗಿ ಶೆಡ್ಡಿಗೆ ಹೋಗಿ ಮಣಿಯ ಪಕ್ಕ ಕೂತು ಬರೆಸಿದರು. ಹಸಿರುಗಣ್ಣು, ಒದ್ದೆ ಗರಿ, ಜಾಲಪಾದ, ಒಂದೊಂದೂ ಇದ್ದದ್ದು ಇದ್ದಂತೆ. ಮಣಿ ಪಾಪ, ಹೇಳಿದಂತೆ ಬರೆಯುವವನು. ಒಂದೇ ಸಲ ಕುಂಚ ಕೆಳಗಿಟ್ಟು, "ಸಾರ್, ಕರಿ ಬಣ್ಣ ಜಾಸ್ತಿ ಆಯ್ತು. ಜನ ಕಾಗೆ ಅಂತಾರೆ" ಎಂದ.

"ಕೊಕ್ಕಿನ ತುದಿ ಬಾಗೈತಿ ನೋಡ್ರಿ. ಕಾಗಿ ಕೊಕ್ಕು ಹಿಂಗ ಇರ್ತೈತೇನು? ಇದು ನೀರುಕಾಗಿ" ಎಂದರು ನಮ್ಮವರು. ಮಣಿ ಮತ್ತೆ ಕುಂಚ ಎತ್ತಿಕೊಂಡ.

ಲಾರಿ ಯಶವಂತಪುರದ ಮಂಡಿಗೆ ಹೋಗಿ ನಿಂತಿತು. ಕಾಗೆ ಶನಿಯ ವಾಹನ. ರೆಕ್ಕೆ ಅಗಲಿಸಿಕೊಂಡ ಅಷ್ಟು ದೊಡ್ಡ ಕಾಗೆಯನ್ನು ಬೆನ್ನ ಮೇಲೆ ಹೊತ್ತ ಲಾರಿಗೆ ತನ್ನ ಮೂಟೆ ಹಾಕಲು ಯಾವ ವ್ಯಾಪಾರಿ ಒಪ್ಪುತ್ತಾನೆ? ಹಮಾಲಿಗಳು ದೂರದಿಂದಲೇ ಸುತ್ತು ಹಾಕಿಕೊಂಡು ಹೋದರಂತೆ. ಬಾಗಿದ ಕೊಕ್ಕನ್ನು ಯಾರೂ ಗಮನಿಸಲಿಲ್ಲ. ಲಾರಿ ಖಾಲಿಯಾಗಿ ಮರಳಿ ಬಂದು ಮನೆಯ ಮುಂದೆ ನಿಂತಿತು. ದಿನಗಳು ಹೋದವು, ಲಾರಿ ಅಲುಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಆ ಹಕ್ಕಿ ಎರಡೂ ರೆಕ್ಕೆ ಚಾಚಿ ನಮ್ಮನ್ನೇ ಅಪ್ಪಿಕೊಳ್ಳಲು ಬಂದಂತಿರುವುದು. ಜಯಮ್ಮ ನನಗೆ ಸೊಪ್ಪು ಕೊಡುವುದನ್ನು ನಿಲ್ಲಿಸಿದರು, ಆಮೇಲೆ ಮಾತು ನಿಲ್ಲಿಸಿದರು. ಕೊನೆಗೆ ನಂಜಪ್ಪನವರೇ ಬಂದು, ಬೇಸರದಲ್ಲಿ ಮುಖ ಬೇರೆ ಕಡೆ ತಿರುಗಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಬೇರೆ ಮನೆ ನೋಡಿಕೊಳ್ಳಿ ಎಂದರು.

ಆ ಊರಿನಲ್ಲಿ ನನಗೆ ಗೊತ್ತಿದ್ದ ಮನೆ ಅದೊಂದೇ. ಅಳಿಸಿ ಹಂಸ ಬರೆಸಿರೆಂದು ನಮ್ಮವರನ್ನು ಬೇಡಿಕೊಂಡೆ. ಸರಿಯಾಗಿ ಬರೆದದ್ದನ್ನು ಅಳಿಸಿ ತಪ್ಪು ಬರೆಸುವುದೇ ಎಂದು ಅವರು ಗೋಡೆಯ ಕಡೆ ಮಗ್ಗಲು ಬದಲಿಸಿದರು.

ಅಷ್ಟರಲ್ಲಿ ಮಂಗಳೂರಿನ ಒಬ್ಬ ಈರುಳ್ಳಿ ವ್ಯಾಪಾರಿಗೆ ಲಾರಿ ತುರ್ತಾಗಿ ಬೇಕಾಯಿತು. ಆತ ಅವಸರದಲ್ಲಿ ಮುಂಭಾಗವನ್ನಷ್ಟೇ ನೋಡಿ ಗೊತ್ತುಮಾಡಿದ. ಆದರೆ ಡ್ರೈವರು ಬರಲಿಲ್ಲ. ಶನಿಯನ್ನು ಹೊತ್ತುಕೊಂಡು ಘಾಟಿ ಇಳಿಯಲಾರೆ ಎಂದ. ನಂಜಪ್ಪನವರು ತಾವೇ ಸ್ಟೇರಿಂಗ್ ಹಿಡಿಯುವುದೆಂದಾಯಿತು. "ನೀವ್ ಕೂರ್ಸಿದ ಅಕ್ಕಿ ಸಾರ್ ಇದು. ಓಗೋದಾದ್ರೆ ಇಬ್ರೂ ಓಗೋಣ" ಎಂದು ನಮ್ಮವರನ್ನು ಕರೆದರು. ನಮ್ಮವರು ಅದನ್ನು ಶಿಕ್ಷೆಯೆಂದು ತಿಳಿಯಲೇ ಇಲ್ಲ. ಕಡಲ ಹಕ್ಕಿ ನೋಡಬಹುದೆಂದು ಆ ಕ್ಷಣವೇ ರಜೆಯ ಅರ್ಜಿ ಬರೆದರು. ನನ್ನನ್ನು ಯಾರೂ ಕರೆದಿರಲಿಲ್ಲ. ರೊಟ್ಟಿಯ ಗಂಟು, ಶೇಂಗಾ ಚಟ್ನಿ ಹಿಡಿದು ನಾನೇ ಹತ್ತಿ ಕೂತೆ.

ಘಾಟಿ ಇಳಿಯುವಾಗ ನಂಜಪ್ಪನವರು ಪ್ರತಿ ತಿರುವಿಗೂ ಮುನೇಶ್ವರನನ್ನು ಕರೆದರು. ನಮ್ಮವರು ಪ್ರತಿ ಮರಕ್ಕೂ ನಿಧಾನಿಸಲು ಕೇಳಿಕೊಂಡರು. ನಡುವೆ ನಾನು ರೊಟ್ಟಿ ಹಂಚುತ್ತ ಎರಡೂ ಕಡೆ ಸಮಾಧಾನ ಹೇಳಿದೆ. ಈರುಳ್ಳಿ ಇಳಿಸಿ, ಮರಳಿ ಬರುವಾಗ ತುಂಬಿಕೊಳ್ಳುವ ಹಂಚು ಸಿದ್ಧವಾಗುವವರೆಗೆ ಬಿಡುವಿತ್ತಾದ್ದರಿಂದ ಲಾರಿಯನ್ನು ದೋಣಿಗಳು ಮೀನಿಳಿಸುವ ದಕ್ಕೆಯ ಹತ್ತಿರ ತಂದು ನಿಲ್ಲಿಸಿದೆವು.

ಅಲ್ಲಿ ಗರುಡಗಳು ಹಾರಾಡುತ್ತಿದ್ದವು, ಕೆಂಗಂದು ಮೈ, ಬಿಳಿ ಎದೆ. ನಮ್ಮ ಕಡೆ ಒಂದು ಗರುಡ ಕಂಡರೆ ಆ ದಿನ ಶುಭ. ನಂಜಪ್ಪನವರು ಲಾರಿಯಿಂದ ಇಳಿದು ಮೊದಲ ಗರುಡಕ್ಕೆ ಕೈಮುಗಿದು ಕೆನ್ನೆ ತಟ್ಟಿಕೊಂಡರು. ಇನ್ನೊಂದು ಬಂತು, ಅದಕ್ಕೂ ತಟ್ಟಿಕೊಂಡರು. ದಕ್ಕೆಯ ತುಂಬ ಗರುಡಗಳೇ. ಕೆನ್ನೆ ಕೆಂಪಾಯಿತು, ಕೈ ಸೋತಿತು, ಕೊನೆಗೆ ಒಂದು ಗರುಡ ಅವರ ಕಾಲ ಬಳಿಯೇ ಇಳಿದು ಮೀನಿನ ಕರುಳು ಎತ್ತಿಕೊಂಡು ಹೋಯಿತು. ಅವರು ನಮ್ಮವರ ಮುಖ ನೋಡಿದರು. ನಮ್ಮವರು ಅದರ ಆಹಾರವೇ ಅದು ಎಂದು ತಿಳಿಸಿಕೊಟ್ಟರು. ನಂಜಪ್ಪನವರು ಒಂದು ದೋಣಿಯ ನೆರಳಿಗೆ ಹೋಗಿ ಕೂತುಬಿಟ್ಟರು.

ನನಗೋ ಕಣ್ಣಿಗೆ ಹಬ್ಬ. ಮಳೆಗಾಲ ಹತ್ತಿರವಾದ್ದರಿಂದ ದೋಣಿಗಳನ್ನೆಲ್ಲ ಮರಳಿಗೆ ಎಳೆದು ಬಣ್ಣ ಹಚ್ಚುತ್ತಿದ್ದರು. ಕಡಲಿನುದ್ದಕ್ಕೂ ಸಾಲು ಸಾಲು. ಮೂತಿಯಲ್ಲಿ ಕಣ್ಣು ಬರೆದ ದೋಣಿ, ನಗುವ ಮೀನಿನ ದೋಣಿ, ದೇವರ ಹೆಸರನ್ನು ಬಳ್ಳಿಯಂತೆ ಸುತ್ತಿಸಿ ಬರೆದ ದೋಣಿ. ಬಿಸಿಲಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಒಂದೊಂದರ ಮುಂದೆಯೂ ನಿಂತೆ. ಮರಳಿ ಬಂದಾಗ ನಮ್ಮ ಲಾರಿಯ ಹಿಂದೆ ಗುಂಪು ಕಟ್ಟಿತ್ತು. ಇಲ್ಲಿಯೂ ಗಲಾಟೆಯೇ ಎಂದು ಚಪ್ಪಲಿ ಕೈಯಲ್ಲೇ ಹಿಡಿದು ಹತ್ತಿರಕ್ಕೆ ಓಡಿದೆ.

ಒಬ್ಬ ವಯಸ್ಸಾದ ದೋಣಿ ಮಾಲೀಕರು ಚಿತ್ರವನ್ನು ಹತ್ತಿರದಿಂದ ನೋಡುತ್ತಿದ್ದರು. ತಮ್ಮವರ ಜೊತೆ ತುಳುವಿನಲ್ಲಿ ಏನೋ ಹೇಳಿ, ನಮ್ಮ ಕಡೆ ತಿರುಗಿದರು. "ಇದನ್ನು ಯಾರು ಬರೆಸಿದ್ದು ಮಾರಾಯ್ರೇ? ಕೊಕ್ಕು ಸರಿ ಉಂಟು. ಇದು ಮುಳುಗಿದರೆ ಖಾಲಿ ಬಾಯಲ್ಲಿ ಮೇಲೆ ಬರುವುದಿಲ್ಲ" ಎಂದರು. ಆಮೇಲೆ ತಮ್ಮ ದೋಣಿಗೆ ಬಣ್ಣ ಹಚ್ಚುತ್ತಿದ್ದವನನ್ನು ಕರೆಸಿ, ಅದನ್ನೇ ನೋಡಿ ಮೂತಿಯ ಮೇಲೆ ಬರೆಯಲು ಹೇಳಿದರು.

ಬರೆಸಿದವರು ನಮ್ಮವರು. ಆದರೆ ಅವರು ದುರ್ಬೀನು ಕಣ್ಣಿಗಿಟ್ಟುಕೊಂಡು ಕಡಲಿನ ಕಡೆ ತಿರುಗಿ ನಿಂತರು. ನಾನು ಆ ಕಡೆ ನೋಡಿದೆ. ಅಲ್ಲಿ ಯಾವ ಹಕ್ಕಿಯೂ ಇರಲಿಲ್ಲ.

ಹಂಚು ತುಂಬಿಕೊಂಡು ಬೆಂಗಳೂರಿಗೆ ಬಂದೆವು. ದಾರಿಯಲ್ಲಿ ಒಂದು ಪಂಕ್ಚರೂ ಆಗಲಿಲ್ಲ. ನಂಜಪ್ಪನವರ ಮನಸ್ಸು ಕರಗಿತ್ತು, ಆದರೆ ಮಂಡಿಯವರ ಮನಸ್ಸಿಗೂ ಮಂಗಳೂರಿಗೂ ಏನು ಸಂಬಂಧ? ಲಾರಿ ಮತ್ತೆ ಮನೆಯ ಮುಂದೆ ನಿಂತಿತು. ಜಯಮ್ಮ ಬಾಡಿಗೆಗೆ ಬೇರೆಯವರನ್ನು ನೋಡುತ್ತಿದ್ದಾರೆಂದು ಪಕ್ಕದ ಮನೆಯವರು ಹೇಳಿದರು.

ಮರುದಿನ ನಮ್ಮವರು ಕೆಲಸಕ್ಕೆ ಹೋದಮೇಲೆ ನಾನು ನಂಜಪ್ಪನವರಿಗೆ ಒಂದು ಮಾತು ಹೇಳಿ ಒಪ್ಪಿಸಿದೆ. ಅವರು ಲಾರಿ ತೆಗೆದರು, ಗೊರಗುಂಟೆಪಾಳ್ಯಕ್ಕೆ ಹೋದೆವು. ಹಕ್ಕಿಯ ಒಂದು ಗರಿಯನ್ನೂ ಮುಟ್ಟಬೇಡವೆಂದು ಮಣಿಗೆ ಹೇಳಿದೆ. ಬಾಯಿಗೊಂದು ಬೆಳ್ಳಿಮೀನು ಇಡಿಸಿದೆ. ಕೆಳಗೆ ನೀರಿನಲ್ಲಿ ಕಮಲ ಅರಳಿಸಿದೆ. ಮೇಲೆ, ಹಳದಿ ಅಕ್ಷರದಲ್ಲಿ, ಕೆಂಪು ನೆರಳು ಕೊಟ್ಟು, "ಗಂಗಾ ಗರುಡ" ಎಂದು ಬರೆಸಿದೆ.

ಅದೇ ಹಕ್ಕಿ, ಅದೇ ಮಂಡಿ. ಹಮಾಲಿಗಳು ಬಂದು ಕೈಮುಗಿದರಂತೆ. ಸಂಜೆಗೆ ಲಾರಿ ಭರ್ತಿಯಾಗಿ ತುಮಕೂರು ರಸ್ತೆ ಹಿಡಿಯಿತು, ಜಯಮ್ಮ ಒಂದು ಕಟ್ಟು ದಂಟಿನ ಸೊಪ್ಪು ತಂದುಕೊಟ್ಟು ಊಟವಾಯಿತೇ ಎಂದು ಕೇಳಿದರು.

ನಮ್ಮವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಊಟದ ನಡುವೆ, "ಆ ಹೆಸರಿನ ಹಕ್ಕಿ ಯಾವ ಪುಸ್ತಕದಾಗೂ ಇಲ್ಲ" ಎಂದರು.

"ಮನಿಯಂತೂ ಉಳೀತಲ್ರಿ" ಎಂದೆ ನಾನು.

ಅಲ್ಲಿಗೇ ಮುಗಿಯಲಿಲ್ಲ. ಬೇರೆ ಲಾರಿಯವರೂ ಗಂಗಾ ಗರುಡ ಬೇಕೆಂದು ಮಣಿಯ ಬಳಿ ಬಂದರು. ಪ್ರತಿ ಸಲವೂ ಕತ್ತು ಒಂದಿಷ್ಟು ಉದ್ದವಾಗಿ, ಬಾಲಕ್ಕೆ ಒಂದಿಷ್ಟು ನವಿಲಿನ ಬಣ್ಣ ಸೇರಿತು. ರಸ್ತೆಯಲ್ಲಿ ಅಂಥ ಲಾರಿ ಕಂಡರೆ ನಮ್ಮವರು ಸೈಕಲ್ಲನ್ನು ಓಣಿಗೆ ತಿರುಗಿಸುತ್ತಿದ್ದರು. ಹೆಬ್ಬಾಳದ ಕೆರೆಯ ಬಳಿ ಬಟ್ಟೆ ಒಗೆಯುವ ಹೆಂಗಸರು ಮೋಟುಮರದ ಕಡೆ ಕೈಮಾಡಿ ಮಕ್ಕಳಿಗೆ ಆ ಹೆಸರು ಹೇಳಿಕೊಡುವುದನ್ನು ಒಂದು ದಿನ ನಾನೇ ಕೇಳಿಸಿಕೊಂಡೆ. ಮನೆಗೆ ಬಂದು ಇವರಿಗೆ ಹೇಳುವ ಧೈರ್ಯವಾಗಲಿಲ್ಲ.

ಮೊನ್ನೆ ಆ ಬೋಳು ಲಾರಿ ಕಡೆಗೂ ಮುಂದೆ ಸರಿಯಿತು. ಮನೆಗೆ ಬಂದು, ಭಾನುವಾರ ಕೆರೆಗೆ ಹೋಗೋಣವೇ ಎಂದು ನಾನಾಗಿಯೇ ಕೇಳಿದೆ. ನಮ್ಮವರಿಗೆ ಈಗ ಮಂಡಿನೋವು, ಬೆಂಚು ಸಿಕ್ಕರೆ ಬರುತ್ತೇನೆ ಎಂದರು. ಈಗ ಅಲ್ಲಿ ಬೇಲಿಯಿದೆ, ನಡೆಯಲು ದಾರಿಯಿದೆ, ಕುಳಿತುಕೊಳ್ಳಲು ಬೆಂಚೂ ಇದೆ. ನಾವು ಕೂತ ಕಡೆ ಉದ್ದನೆಯ ಕ್ಯಾಮರಾ ಹಿಡಿದ ಒಬ್ಬ ಹುಡುಗಿ ಬಂದಳು. ನೀರಿನ ನಡುವೆ ಒಂದು ಕರಿಯ ಹಕ್ಕಿ ರೆಕ್ಕೆ ಹರಡಿ ಕೂತಿತ್ತು. ಇವರ ಕೊರಳಿನಲ್ಲಿದ್ದ ದುರ್ಬೀನು ನೋಡಿ, ಇಂಗ್ಲಿಷ್ ಹೆಸರು ಗೊತ್ತು ಅಂಕಲ್, ಇದಕ್ಕೆ ಕನ್ನಡದಲ್ಲಿ ಏನಂತಾರೆ ಎಂದು ಕೇಳಿದಳು.

ಇವರು ದುರ್ಬೀನೆತ್ತಿ ಹಕ್ಕಿಯ ಬಾಗಿದ ಕೊಕ್ಕನ್ನು ನೋಡಿದರು.

"ಇಲ್ಲಿ ಮಂದಿ ಗಂಗಾ ಗರುಡ ಅಂತಾರಮ್ಮ" ಎಂದರು.

ಹುಡುಗಿ ಮೊಬೈಲಿನಲ್ಲಿ ಬರೆದುಕೊಳ್ಳತೊಡಗಿದಳು. ನಾನು ಇವರ ಮುಖ ನೋಡಿದೆ. ಇವರು ನನ್ನ ಕಡೆ ತಿರುಗಲಿಲ್ಲ. ಅವಳ ಮೊಬೈಲಿನೊಳಗೆ ಬಗ್ಗಿ ನೋಡಿ, ಗಂಗಾ ಎಂಬಲ್ಲಿ ದೀರ್ಘ ಬಿಟ್ಟುಹೋಗಿದೆಯೆಂದು ತೋರಿಸಿ, ಅದು ಸರಿಯಾಗುವವರೆಗೂ ಬಿಡಲಿಲ್ಲ.