ಹೆಸರು ಹಿಡಿದು ಕರೀರಿ

ಅಮೆರಿಕದ ಒಹಾಯೋದ ಒಂದು ಚಿಕ್ಕ ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟ ಬಡಿಸುವ ಲೊರೆಟ್ಟಾ ಸ್ಟ್ರಾಟನ್‌ಳ ಬಾಯಿಗೆ ಹೆದರದವರಿಲ್ಲ. ಸಂಜೆ ಹುಡುಗಿಯರ ಓಟದ ತಂಡಕ್ಕೆ ಅವಳೇ ಕೋಚ್. ಓಟಕ್ಕಿಂತ ಹೆಚ್ಚಾಗಿ ಅವಳು ಕಲಿಸುತ್ತಿದ್ದುದು ನಾಲ್ಕು ಮಾತು. ಯಾರಾದರೂ ನೋಯಿಸಿದರೆ ಅಳುತ್ತ ಕೂರಬೇಡಿ; ಏನಾಯಿತು, ಹೇಗನಿಸಿತು, ಯಾಕೆ, ಇನ್ನು ಮುಂದೆ ಏನಾಗಬೇಕು ಎಂದು ಎದುರಿಗೇ ನಿಂತು ಹೇಳಿ.

ತರಬೇತಿಯ ಹತ್ತನೆಯ ವಾರ ಹುಡುಗಿಯರೆಲ್ಲ ಮೈದಾನದಲ್ಲಿ ಅವಳ ಸುತ್ತ ಕುಳಿತಿದ್ದರು.

"ಆ ನಾಲ್ಕು ಮಾತು ಯಾರೇ ಹೇಳಿ ತೋರಿಸೋರು? ಏ ಆಮೆ, ನಿನಗಂತೂ ಬಾಯೇ ಇಲ್ಲ ಬಿಡು," ಎಂದು ಲೊರೆಟ್ಟಾ ನಕ್ಕಳು. ಎಲ್ಲರೂ ನಕ್ಕರು.

ಯಾವಾಗಲೂ ಎಲ್ಲರಿಗಿಂತ ಹಿಂದೆ ಓಡುವ ಆ ಒಂಬತ್ತು ವರ್ಷದ ಹುಡುಗಿ ಎದ್ದು ನಿಂತಳು. ದನಿ ನಡುಗಲಿಲ್ಲ.

"ಕೋಚ್, ನೀವು ನನ್ನನ್ನ ಆಮೆ ಅಂತ ಕರೀತೀರಿ. ನಂಗೆ ತುಂಬಾ ನೋವಾಗುತ್ತೆ. ಯಾಕಂದ್ರೆ ನೀವು ಕರೆದ್ರೆ ಎಲ್ರೂ ಕರೀತಾರೆ. ಇನ್ಮೇಲೆ ನನ್ನ ಹೆಸರು ಹಿಡಿದು ಕರೀರಿ."

ಲೊರೆಟ್ಟಾ ಅವಳತ್ತ ತಿರುಗಿದಳು. ತಾನು ಕಲಿಸಿದ ನಾಲ್ಕೂ ಮಾತು, ಒಂದೂ ತಪ್ಪದೆ, ತನ್ನ ಮುಖಕ್ಕೇ! ಸಿಟ್ಟನ್ನು ನುಂಗಿಕೊಂಡು, "ತಪ್ಪಾಯ್ತಮ್ಮ..." ಎಂದು ಹೆಸರು ಹೇಳಲು ಹೊರಟಳು.

ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ನಾಲ್ಕು ವರ್ಷದಿಂದ ದಿನಾ ಆ ಹುಡುಗಿಯ ತಟ್ಟೆಗೆ ಊಟ ಹಾಕಿದ್ದಳು. ಹತ್ತು ವಾರ ಅವಳ ಶೂ ಲೇಸ್ ಕಟ್ಟಿದ್ದಳು. ಹೆಸರು ಮಾತ್ರ ಗೊತ್ತಿರಲಿಲ್ಲ.

ಹುಡುಗಿ ಕಾದಳು. ಕೊನೆಗೆ ಅವಳೇ ಹತ್ತಿರ ಬಂದು, ಹೊಸಬರಿಗೆ ಪರಿಚಯ ಹೇಳಿಕೊಳ್ಳುವಂತೆ ಕೈ ಚಾಚಿ, "ವಿನಿಫ್ರೆಡ್," ಎಂದಳು.