ಹೇಳದೇ ಹೋದ ಓಟಿಪಿ

“ತಾತ, ನಾನು ನಿಮ್ಮ ಮೊಮ್ಮಗಳು, ಹಾಸನದಿಂದ ಮಾತನಾಡುತ್ತಿದ್ದೇನೆ. ನಿಮ್ಮ ಮೊಬೈಲಿಗೆ ಬಂದಿರುವ ಓಟಿಪಿ ಹೇಳಿ” ಎಂದಳು, ಗೊತ್ತಿಲ್ಲದ ನಂಬರಿನಿಂದ ಯಾರೋ ಹುಡುಗಿ. ಓಟಿಪಿ ಕೇಳುವವರೆಲ್ಲ ಕಳ್ಳರು ಎಂದು ಬ್ಯಾಂಕಿನವರು ಎಚ್ಚರಿಸಿದ್ದರು.

“ನಮ್ಮುಡ್ಗಿ ಆಸ್ನ ಅಂತಾಳೆ. ನೀನ್ಯಾವಳಮ್ಮಿ ಹಾಸನದೋಳು? ಮಡಗು ಪೋನ!” ಎಂದು ಗದರಿದೆ.

ಸಂಜೆ ನಮ್ಮೂರು ಸಾಲಗಾಮೆಯಲ್ಲಿ ಬಸ್ಸಿಳಿದ ಮೊಮ್ಮಗಳು ಅಳುತ್ತಾ ಮನೆಗೆ ಬಂದಳು. ಅವಳ ಆಧಾರ್‌ಗೆ ನನ್ನ ನಂಬರೇ ಜೋಡಣೆಯಾಗಿತ್ತು. ವಿದ್ಯಾರ್ಥಿವೇತನದ ಅರ್ಜಿಗೆ ಆ ಓಟಿಪಿ ಬೇಕಿತ್ತು.

“ನನ್ ಪೋನಲ್ಲಿ ಚಾರ್ಜಿರ್ಲಿಲ್ಲ, ಕಾಲೇಜ್ ಆಪೀಸಿಂದ ಮಾಡ್ದೆ. ಅಲ್ಲಿ ನಮ್ ಅಳ್ಳಿ ಮಾತ್ ಕೇಳಿ ಎಲ್ರೂ ನಗ್ತಾರೆ ಅಂತ ಅಂಗ್ ಮಾತಾಡ್ದೆ ಕಣ್ ತಾತ. ಇವತ್ತೇ ಕೊನೇ ದಿನ ಇತ್ತು.”

ಬ್ಯಾಂಕಿನವರು ಹೇಳಿದಂತೆಯೇ ನಡೆದೆ. ಆದರೂ ಅವಳ ಈ ವರ್ಷದ ವಿದ್ಯಾರ್ಥಿವೇತನ ನನ್ನಿಂದಲೇ ತಪ್ಪಿತು. ಎಲ್ಲಿ ಎಡವಿದೆನೋ ಇನ್ನೂ ತಿಳಿಯದು. ನಾನೇ ಎತ್ತಿ ಬೆಳೆಸಿದ ಮಗುವಿನ ದನಿ ನನಗೇಕೆ ಗುರುತಾಗಲಿಲ್ಲ?